ಕಾರಿನಡಿಯ ಕೆಂಪು ಗೆರೆ

"ಈ ಗಾಡಿ ಸ್ಟಾಕ್ ಕ್ಲಾಸಿಗೆ ಬರಲ್ಲ."

ಮಾತು ಬಂದದ್ದು ಕಾರಿನ ಅಡಿಯಿಂದ.

ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಎಡಗಾಲಿನ ಬೂಟಿಗೆ ಕಪ್ಪು ಲೇಸು. ಬಲಗಾಲಿನ ಬೂಟಿಗೆ ಬಿಳಿ ಲೇಸು.

ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ ಅವಳು ಆ ಲೇಸುಗಳನ್ನೇ ನೋಡಿದಳು.

ಎರಡು ಬಣ್ಣದ ಲೇಸು ಕಟ್ಟಿಕೊಂಡು ನಾಚಿಕೆಯಿಲ್ಲದೆ ತಿರುಗುವ ಮನುಷ್ಯ ಅವಳಿಗೆ ಗೊತ್ತಿದ್ದದ್ದು ಒಬ್ಬನೇ. ಆ ಒಬ್ಬ ಎರಡು ವರ್ಷದ ಹಿಂದೆ, ಒಂದು ಸೋಮವಾರ, ಒಂದು ಮಾತೂ ಹೇಳದೆ ಎದ್ದು ಹೋಗಿದ್ದ...

'ಇಲ್ಲ, ಅವನಲ್ಲ. ಅವನಾಗಿರಬಾರದು. ಅವನೇ ಆಗಿರಲಿ ದೇವರೇ!'

ಮೂರೂ ಒಟ್ಟಿಗೇ ನುಗ್ಗಿದವು ಅವಳ ಮನಸ್ಸಿಗೆ.

ಕಾಲುಗಳು ಹೊರಗೆ ಜಾರಿದವು. ಆಮೇಲೆ ಸೊಂಟ, ಎದೆಯ ಮೇಲೆ ತೂಗುವ ತಪಾಸಣೆಯ ಬಿಲ್ಲೆ, ಕೊನೆಗೆ ಮುಖ. ಮುಖ ಸ್ವಲ್ಪ ಇಳಿದಿತ್ತು. ಗಡ್ಡ ಬಂದಿತ್ತು. ಕಣ್ಣು ಮಾತ್ರ ಅವೇ.

ಅವನನ್ನು ಎಲ್ಲರೂ ಸ್ಪ್ಯಾನರ್ ಎನ್ನುತ್ತಿದ್ದರು. ಅವಳ ಅಪ್ಪನ ಡ್ರೈವಿಂಗ್ ಸ್ಕೂಲಿನ ಗಾಡಿಗಳನ್ನು ನಾಲ್ಕು ವರ್ಷ ನೋಡಿಕೊಂಡ ಮೆಕ್ಯಾನಿಕ್. ಈಗ ಈ ಆಟೋಕ್ರಾಸ್ ಮೈದಾನದಲ್ಲಿ ಗಾಡಿಗಳನ್ನು ತಪಾಸಣೆ ಮಾಡುವವನು.

"ಚೆನ್ನಾಗಿದ್ದೀರಾ, ಟೀಚರಮ್ಮ?"

ಕಲಿಯಲು ಬಂದವರಿಗೆ ಅವಳು ಮೇಡಂ. ಅಪ್ಪನಿಗೆ ಮರಿ. ಟೀಚರಮ್ಮ ಎಂದು ಕರೆಯುತ್ತಿದ್ದವನು ಇವನೊಬ್ಬನೇ. ಎರಡು ವರ್ಷದಿಂದ ಯಾರೂ ಕರೆಯದ ಹೆಸರು! ಕೇಳಿದ್ದೇ ತಡ ತುಟಿ ನಗಲು ಹೊರಟಿತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು.

"ನನ್ನ ಯೋಗಕ್ಷೇಮ ಆಮೇಲಿರ್ಲಿ ಸಾರ್. ನನ್ನ ಗಾಡಿ ಯಾಕೆ ಬರಲ್ಲ, ಅದನ್ನ ಹೇಳಿ."

ಸಾರ್! ಆ ಒಂದು ಪದ ಅವನ ಮುಖಕ್ಕೆ ಸರಿಯಾಗಿ ಬಡಿಯಿತು. ಬಡಿಯಲಿ ಎಂದೇ ಅವಳು ಎಸೆದಿದ್ದಳು.

"ಸ್ಟಾಕ್ ಕ್ಲಾಸ್ ಅಂದ್ರೆ ಗಾಡಿ ಕಂಪನಿಯಿಂದ ಬಂದ ಹಾಗೇ ಇರ್ಬೇಕು," ಅವನು ನೆಲ ನೋಡುತ್ತ ಹೇಳಿದ. "ಏರ್ ಫಿಲ್ಟರ್, ಬ್ರೇಕ್ ಪ್ಯಾಡ್ ಬದಲಾಯಿಸಿದ್ರೆ ನಡೆಯುತ್ತೆ. ನಿಮ್ಮ ಗಾಡೀಲಿ ಅದಕ್ಕಿಂತ ಜಾಸ್ತಿ ಇದೆ. ಸ್ಟ್ರೀಟ್ ಕ್ಲಾಸಿಗೆ ಹೋಗ್ಬೇಕು."

ಸ್ಟ್ರೀಟ್ ಕ್ಲಾಸ್! ಅಗಲ ಟೈರು, ಗಟ್ಟಿ ಸ್ಪ್ರಿಂಗು ಹಾಕಿಸಿಕೊಂಡ ಗಾಡಿಗಳ ಗುಂಪು ಅದು. ಅವುಗಳ ನಡುವೆ ಅವಳ ಹದಿನೇಳು ವರ್ಷದ ಬಿಳಿ ಕಾರು ಕೋಣಗಳ ನಡುವೆ ನಿಂತ ಮೇಕೆಮರಿಯ ಹಾಗೆ.

"ಏನು ಜಾಸ್ತಿ ಇದೆ? ಏರ್ ಫಿಲ್ಟರ್ ಒಂದೇ! ಎರಡು ವರ್ಷದಿಂದ ಇದೇ ಗಾಡಿ, ಇದೇ ಕ್ಲಾಸು. ಇವತ್ತಿನವರೆಗೂ ಯಾರೂ ಏನೂ ಅಂದಿಲ್ಲ."

"ಯಾರೂ ಕೆಳಗೆ ಮಲಗಿ ನೋಡಿಲ್ಲ."

"ನೀವೊಬ್ರು ಬಂದ್ರಿ ನೋಡೋಕೆ!"

"ಹೌದು..." ಅವನ ದನಿ ಇಳಿಯಿತು. "ಅದಕ್ಕೇ ಬಂದೆ."

ಹಿಂದಿನ ಗಾಡಿ ಹಾರ್ನ್ ಹೊಡೆಯಿತು. ಅದರ ಕಿಟಕಿಯಿಂದ ಹಲ್ಲಿನ ಡಾಕ್ಟರು ತಲೆ ಹೊರಗೆ ಹಾಕಿದರು. ಸ್ಟಾಕ್ ಕ್ಲಾಸಿನಲ್ಲಿ ಅವಳ ಹಿಂದೆಯೇ ಎರಡನೆಯ ಸ್ಥಾನದಲ್ಲಿ ಇರುವವರು ಅವರೇ. ಹೋದ ವರ್ಷವೂ ಎರಡನೆಯವರು. ಈ ವರ್ಷ ಮೂರೇ ಅಂಕ ಹಿಂದೆ, ಇವತ್ತಿನದು ವರ್ಷದ ಕೊನೆಯ ಓಟ.

"ಏನಮ್ಮ, ಗಾಡಿಗೆ ಹುಳುಕು ಹಿಡಿದಿದ್ಯಾ? ಬೇಗ ಕೀಳಿಸ್ಕೊಂಡು ಮುಂದಕ್ಕೆ ಹೋಗು!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಚೆ, ಮಡಚುವ ಕುರ್ಚಿಯಲ್ಲಿ ನೋಯುವ ಮಂಡಿ ಚಾಚಿ ಕೂತಿದ್ದ ಅವಳ ಅಪ್ಪ ಕತ್ತು ಎತ್ತಿ ನೋಡಿದರು.

"ಸ್ವಲ್ಪ ಆ ಕಡೆ ಬನ್ನಿ," ಸ್ಪ್ಯಾನರ್ ಮೆಲ್ಲಗೆ ಹೇಳಿದ. "ಎಲ್ಲಾ ಹೇಳ್ತೀನಿ."

"ಆ ಕಡೆ ಯಾಕೆ? ಇಲ್ಲೇ ಹೇಳಿ, ಎಲ್ಲರೆದುರಿಗೇ!"

ಅವನು ಅವಳ ಅಪ್ಪನ ಕಡೆ, ತನ್ನ ಹಳೆಯ ಮೇಷ್ಟ್ರ ಕಡೆ, ಒಮ್ಮೆ ನೋಡಿದ.

"ಹತ್ತೂವರೆವರೆಗೂ ಟೈಮಿದೆ. ನೀವೇ ಫಾರಂ ಬದಲಾಯಿಸಿ ಕೊಟ್ರೆ ಸ್ಟ್ರೀಟ್‌ನಲ್ಲಿ ಓಡಿಸ್ಬಹುದು. ಇಲ್ಲಾಂದ್ರೆ ನಾನು ಗಾಡಿ ನಿಲ್ಲಿಸ್ಬೇಕಾಗುತ್ತೆ. ಅದಕ್ಕೆ ಮೊದ್ಲು... ದಯವಿಟ್ಟು ಒಂದ್ಸಲ ಕೆಳಗೆ ಮಲಗಿ ನೋಡಿ. ಹಿಂದಿನ ಚಕ್ರಗಳ ಹತ್ರ."

"ನನ್ನ ಗಾಡಿ ನಂಗೆ ಗೊತ್ತು!"

ಅವಳು ಬಾಗಿಲು ಧಡ್ಡೆಂದು ಹಾಕಿ ಗಾಡಿಯನ್ನು ಮೈದಾನದ ತುದಿಗೆ ಓಡಿಸಿಕೊಂಡು ಹೋದಳು.

ಅವಳಿಗೆ ಅವಳ ಗಾಡಿ ಗೊತ್ತಿರಲಿಲ್ಲ. ಅದೇ ಈ ಕಥೆ.

* * *

ಆಟೋಕ್ರಾಸ್ ಎಂದರೆ ಏನೂ ಮಹಾ ಇಲ್ಲ. ಗೋದಾಮುಗಳ ಹಿಂದಿನ ಖಾಲಿ ಕಾಂಕ್ರೀಟ್ ಮೈದಾನದಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನು ನಿಲ್ಲಿಸಿ ದಾರಿ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಬೇಗ ಮುಗಿಸಿದವರು ಗೆದ್ದರು. ಒಂದು ಕೋನ್ ಬೀಳಿಸಿದರೆ ಎರಡು ಸೆಕೆಂಡು ದಂಡ. ವಾರವಿಡೀ ಅಂಗಡಿ, ಆಫೀಸು, ಆಸ್ಪತ್ರೆ ಎಂದು ಒದ್ದಾಡಿದವರು ತಿಂಗಳಿಗೊಂದು ಭಾನುವಾರ ಬಂದು ಟೈರು ಸವೆಸಿ ಹೋಗುತ್ತಾರೆ.

ಅವಳಿಗೆ ಈ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ವಾರಕ್ಕೆ ಆರು ದಿನ ಅಪ್ಪನ ಸ್ಕೂಲಿನಲ್ಲಿ "ನಿಧಾನ... ಕ್ಲಚ್ ನಿಧಾನವಾಗಿ ಬಿಡಿ... ಅಯ್ಯೋ ನಿಧಾನ!" ಎಂದು ಬಡಿದುಕೊಳ್ಳುವವಳಿಗೆ ಏಳನೆಯ ದಿನವಾದರೂ ಜೋರಾಗಿ ಓಡಿಸಬೇಕು ಅನ್ನಿಸದೆ ಇರುತ್ತದೆಯೇ?

ಬಿಳಿ ಕಾರು ಸ್ಕೂಲಿನದೇ. ಹದಿನಾಲ್ಕು ವರ್ಷ ಊರಿನ ಅರ್ಧ ಜನಕ್ಕೆ ಓಡಿಸಲು ಕಲಿಸಿ ಸುಸ್ತಾದ ಮೇಲೆ ಅಪ್ಪ ಅದನ್ನು ಮಗಳಿಗೆ ಕೊಟ್ಟರು. ಕಲಿಸುವ ಗಾಡಿಯಾದ್ದರಿಂದ ಮೇಷ್ಟ್ರ ಸೀಟಿನ ಕಡೆಯೂ ಒಂದು ಬ್ರೇಕು, ಒಂದು ಕ್ಲಚ್ ಇತ್ತು. ಅದನ್ನು ಬಿಚ್ಚಿ ತೆಗೆದವನು ಸ್ಪ್ಯಾನರ್.

ಆ ಮಧ್ಯಾಹ್ನ ಅವಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಶೆಡ್ಡಿನ ತಗಡಿನ ಮೇಲೆ ಬಿಸಿಲು. ಅವಳು ಡ್ರೈವರ್ ಸೀಟಿನಲ್ಲಿ. ಅವನು ಪಕ್ಕದ ಸೀಟಿನ ಕೆಳಗೆ ತಲೆ ತೂರಿಸಿಕೊಂಡು ಬೋಲ್ಟು ಸಡಿಲಿಸುತ್ತಿದ್ದ.

"ಇನ್ನು ಪಕ್ಕದಲ್ಲಿ ಕೂತೋರು ಹೆದ್ರಿದ್ರೆ ಏನೋ ಮಾಡ್ಬೇಕು?"

"ನಂಬ್ಬೇಕು ರೀ. ಇನ್ನೇನು ಮಾಡೋಕಾಗುತ್ತೆ?"

ಹೇಳಿ ಅವನು ತಲೆ ಎತ್ತಿದ. ಇಬ್ಬರ ಮುಖದ ನಡುವೆ ಒಂದು ಗೇಣು ಇತ್ತೋ ಇಲ್ಲವೋ... ಅವಳು ಉಸಿರು ಹಿಡಿದಳು. ಅವನು ಎದ್ದು ಹೋಗಿ ಕೈ ತೊಳೆದುಕೊಂಡ. ಪೂರಾ ಹತ್ತು ನಿಮಿಷ ತೊಳೆದುಕೊಂಡ!

ಅಷ್ಟೇ. ಆರು ತಿಂಗಳು ಹಾಗೇ ಹೋಯಿತು. ಅವನು ಕೆಲಸ ಮಾಡುತ್ತಿದ್ದ, ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೆ ಅವನು ಸಣ್ಣ ಕುಂಚದಿಂದ ಬಿಳಿ ಬಣ್ಣದ ಒಂದು ಗೆರೆ ಎಳೆಯುತ್ತಿದ್ದ.

"ಇದೇನು, ಗಾಡಿಗೆ ದೃಷ್ಟಿ ಬೊಟ್ಟಾ?"

"ನಟ್ಟಿಂದ ಲೋಹದ ಮೇಲಕ್ಕೆ ಒಂದೇ ಗೆರೆ ಟೀಚರಮ್ಮ. ನಟ್ಟು ಒಂದು ಕೂದಲೆಳೆ ಸಡಿಲ ಆದ್ರೂ ಗೆರೆ ಮುರಿಯುತ್ತೆ. ನೋಡಿದ ತಕ್ಷಣ ಗೊತ್ತಾಗುತ್ತೆ."

ನಟ್ಟು ಸಡಿಲವಾದರೆ ಗೊತ್ತಾಗುವ ಮನುಷ್ಯನಿಗೆ ಎದುರಿಗೆ ಕೂತವಳ ಮನಸ್ಸು ಗೊತ್ತಾಗಲಿಲ್ಲ. ಇಂಥ ಗಂಡಸರಿಗೆ ಏನು ಮಾಡಬೇಕು ಹೇಳಿ!

ಅವಳ ಮೊದಲ ಓಟ ಹತ್ತಿರ ಬಂತು. ನಿಯಮದ ಪುಸ್ತಕವನ್ನು ಇಬ್ಬರೂ ಶೆಡ್ಡಿನ ಬೆಂಚಿನ ಮೇಲೆ ಹರಡಿಕೊಂಡು ಯಾವ ಕ್ಲಾಸಿಗೆ ಸೇರಬೇಕೆಂದು ಜಗಳವಾಡಿದರು.

"ಏರ್ ಫಿಲ್ಟರ್ ಒಂದೇ ತಾನೆ ಬದಲಾಯಿಸಿರೋದು? ಸ್ಟಾಕ್ ಸಾಕು."

"ಸ್ಟ್ರೀಟ್ ಕ್ಲಾಸೇ ಬರೀರಿ."

"ಅಲ್ಲಿ ನನ್ನನ್ನ ಅರೆದು ಬಿಡ್ತಾರೆ!"

"ಬರೀರಿ ಅಂದ್ರೆ ಬರೀರಿ. ಯಾಕೆ ಅಂತ ಓಟ ಮುಗಿದ ಮೇಲೆ ಹೇಳ್ತೀನಿ. ಇನ್ನೊಂದು ವಿಷ್ಯಾನೂ ಇದೆ... ಅದನ್ನೂ ಆಗ್ಲೇ ಹೇಳ್ತೀನಿ."

ಅವನ ಕಿವಿ ಕೆಂಪಾಗಿತ್ತು. ಅವಳು ತುಟಿಯೊಳಗೇ ನಕ್ಕು ಸ್ಟ್ರೀಟ್ ಎಂದೇ ಬರೆದಳು.

ಆದರೆ ಓಟದ ಬೆಳಿಗ್ಗೆ ಸ್ಕೂಲಿನ ಇನ್ನೊಂದು ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತು. ಸ್ಪ್ಯಾನರ್ ಅದರ ಹಿಂದೆ ಹೋದ. ಅವನ ಬದಲು ಮೈದಾನಕ್ಕೆ ಬಂದವರು, ಎಂದೂ ಬರದ ಅಪ್ಪ! ಫಾರಂ ನೋಡಿ ಹುಬ್ಬು ಗಂಟಿಕ್ಕಿದರು.

"ಒಂದು ಫಿಲ್ಟರ್ ಹಾಕಿದ್ದಕ್ಕೆ ಇದ್ಯಾಕೆ ಸ್ಟ್ರೀಟು? ಸಾದಾ ಗಾಡೀಲಿ ಗೆಲ್ಲು ಮರಿ, ಅದು ಗೆಲುವು. ಗಾಡಿ ಓಡಿಸೋದು ಕೈ, ಸಾಮಾನಲ್ಲ."

ಅಪ್ಪ ತಾನಾಗಿ ಬಂದು ನಿಂತಿದ್ದಾರೆ. ಅವಳು ಇಲ್ಲ ಎನ್ನುವುದುಂಟೇ? ಸ್ಟ್ರೀಟ್ ಎಂಬುದನ್ನು ಹೊಡೆದು ಸ್ಟಾಕ್ ಎಂದು ಬರೆದಳು. ಗೆದ್ದೂಬಿಟ್ಟಳು! ಯಾರೋ ಮೈಕ್ ಕೈಗೆ ಕೊಟ್ಟರು. ಅಪ್ಪ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವಳಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

"ಈ ಗಾಡೀಲಿ ಕಂಪನಿ ಕೊಟ್ಟಿದ್ದು ಬಿಟ್ರೆ ಇನ್ನೇನೂ ಇಲ್ಲ!" ಎಂದು ಕೂಗಿದಳು. "ಇದು ಪೂರ್ತಿ ನನ್ನ ಕೈ!"

ಆಗಲೇ ಕಂಡದ್ದು ಅವನು. ಗುಂಪಿನ ಹಿಂದೆ, ಓಡಿ ಬಂದ ಏದುಸಿರಿನಲ್ಲಿ, ಕೈಯಲ್ಲಿ ಇನ್ನೂ ಸ್ಪ್ಯಾನರ್ ಹಿಡಿದು ನಿಂತಿದ್ದ. ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಅವಳು ಜನರನ್ನು ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಅವನಿರಲಿಲ್ಲ. ಸೋಮವಾರ ಶೆಡ್ಡಿನ ಬೆಂಚಿನ ಮೇಲೆ ಬೀಗದ ಕೈ ಮಾತ್ರ ಇತ್ತು.

'ನನ್ನ ಗೆಲುವು ಅವನಿಗೆ ತಡೆಯಲಾಗಲಿಲ್ಲ. ಮೈಕಿನಲ್ಲಿ ತನ್ನ ಹೆಸರು ಹೇಳಲಿಲ್ಲ ಎಂದು ಉರಿದುಕೊಂಡು ಹೋದ. ಹೋಗಲಿ!'

ಹಾಗೆಂದುಕೊಂಡು ಅವನು ಮೂರು ಸಲ ಫೋನ್ ಮಾಡಿದಾಗಲೂ ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತೋಣ ಎಂದು ಕಾದಳು. ನಾಲ್ಕನೆಯ ಸಲ ಫೋನ್ ಬರಲೇ ಇಲ್ಲ.

ಆಮೇಲಿನ ಎರಡು ವರ್ಷ ಹೇಗೆ ಕಳೆಯಿತು ಎಂದು ಕೇಳಬೇಡಿ. "ಕನ್ನಡಿ ನೋಡಿ" ಎಂದು ಕಲಿಯುವವರಿಗೆ ಹೇಳಿ ತಾನೇ ಕನ್ನಡಿಯಲ್ಲಿ ಅವನ ಬೈಕು ಹುಡುಕುತ್ತಿದ್ದಳು. "ಮೇಡಂ, ಸಿಗ್ನಲ್ ಬಿಟ್ಟು ಎಷ್ಟೊತ್ತಾಯ್ತು!" ಎಂದು ಅವರೇ ಎಚ್ಚರಿಸಬೇಕಿತ್ತು. ಬಂದ ಸಂಬಂಧಗಳಿಗೆಲ್ಲ ಒಂದಲ್ಲ ಒಂದು ಕೊಂಕು ತೆಗೆದಳು. ಒಬ್ಬ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾನೆ ಎಂದು ಬೇಡವೆಂದಳು!

ಪ್ರತಿ ತಿಂಗಳೂ ಈ ಮೈದಾನಕ್ಕೆ ಬಂದಾಗ ಮೊದಲು ನೋಡುತ್ತಿದ್ದದ್ದು ಜನರ ಕಾಲುಗಳನ್ನು. ಕಪ್ಪು ಲೇಸು, ಬಿಳಿ ಲೇಸು... ಎಲ್ಲೂ ಇರುತ್ತಿರಲಿಲ್ಲ.

ಈಗ ಬಂದಿದ್ದಾನೆ. ಬಂದವನು ಮೊದಲು ಮಾಡಿದ್ದು ಅವಳ ಗಾಡಿಯನ್ನು ಕ್ಲಾಸಿನಿಂದ ಹೊರಗೆ ಹಾಕಿದ್ದು!

* * *

ಹತ್ತು ಗಂಟೆ ಹತ್ತು ನಿಮಿಷ.

ಹಲ್ಲಿನ ಡಾಕ್ಟರು ಒಂದು ಲೋಟ ಚಹಾ ತಂದು ಅವಳ ಕಾರಿನ ಬಾನೆಟ್ ಮೇಲೆ ಇಟ್ಟರು.

"ನೋಡಮ್ಮ, ನನ್ನ ಕಡೆಯಿಂದ ಏನೂ ತಕರಾರಿಲ್ಲ. ಆ ಗಡ್ಡದವನ ಹತ್ರ ನಾನೂ ಮಾತಾಡ್ತೀನಿ. ನಿನ್ನನ್ನ ಹಾಗೆ ಹೊರಗೆ ಹಾಕಿಸಿ ಕಪ್ ತಗೊಂಡ್ರೆ ನನ್ನ ಹೆಂಡ್ತಿಗೂ ಮುಖ ತೋರ್ಸೋಕಾಗಲ್ಲ."

ಅವಳಿಗೆ ಅದು ಚುಚ್ಚಿತು. ತನ್ನ ಹಿಂದೆ ಎರಡು ವರ್ಷ ಎರಡನೆಯವರಾಗಿ ಉಳಿದ ಮನುಷ್ಯ ಹೀಗೆ ಹೇಳುತ್ತಿದ್ದಾರೆ. ತಾನು ಬಗ್ಗಿ ನೋಡಲೂ ತಯಾರಿಲ್ಲ!

"ಚಹಾ ಹಿಡ್ಕೊಳ್ಳಿ ಡಾಕ್ಟ್ರೇ."

ಡಿಕ್ಕಿಯಿಂದ ಹಳೆಯ ರಗ್ಗು ತೆಗೆದು ಹಾಸಿದಳು. ಗಾಡಿಯ ಹಿಂದಿನಿಂದ ಅಡಿಗೆ ತೂರಿದಳು. ಬೆನ್ನಿಗೆ ಕಾಂಕ್ರೀಟಿನ ಬಿಸಿ. ಮೂಗಿಗೆ ಎಣ್ಣೆಯ ವಾಸನೆ. ಈ ಎರಡು ವರ್ಷ ಹೊಸ ಮೆಕ್ಯಾನಿಕ್ ಎಣ್ಣೆ ಬದಲಿಸಿ ಕೈ ಒರೆಸಿಕೊಂಡು ಹೋಗುತ್ತಿದ್ದ. ಇಲ್ಲಿಯವರೆಗೆ ತೂರಿ ನೋಡುವ ಸಹನೆ ಅವನಿಗೆಲ್ಲಿಯದು?

ಕಣ್ಣು ಕತ್ತಲೆಗೆ ಹೊಂದಿಕೊಂಡಿತು.

ಎರಡು ಹಿಂದಿನ ಚಕ್ರಗಳ ನಡುವೆ, ಅಡ್ಡಲಾಗಿ, ಹೆಬ್ಬೆರಳಿಗಿಂತ ದಪ್ಪದ ಒಂದು ಕಬ್ಬಿಣದ ಕಂಬಿ. ಸ್ವೇ ಬಾರ್! ತಿರುವಿನಲ್ಲಿ ಗಾಡಿ ಒಂದು ಕಡೆಗೆ ವಾಲದ ಹಾಗೆ, ಮೂತಿ ಹೇಳಿದ ಕಡೆ ತಿರುಗುವ ಹಾಗೆ ಮಾಡುವ ಸಾಮಾನು. ಈ ಮಾದರಿಯ ಗಾಡಿಗೆ ಕಂಪನಿ ಅದನ್ನು ಕೊಟ್ಟೇ ಇಲ್ಲ.

'ಹಾಗಾದರೆ ನನ್ನ ಕೈ...?'

ಎರಡು ವರ್ಷ. ಎಲ್ಲರೆದುರು ಮೈಕಿನಲ್ಲಿ ಕೂಗಿದ ಮಾತು...

ಯಾರು ಹಾಕಿದ್ದು ಇದನ್ನು?

ಕೈ ಚಾಚಿ ಕಂಬಿಯ ತುದಿ ಮುಟ್ಟಿದಳು. ನಟ್ಟಿನ ಮೇಲಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು.

ಒಂದು ಗೆರೆ. ನಟ್ಟಿನಿಂದ ಲೋಹದ ಮೇಲಕ್ಕೆ, ನೇರವಾಗಿ ಒಂದೇ ಗೆರೆ. ಆದರೆ ಅದು ಬಿಳಿ ಅಲ್ಲ.

ದಾಳಿಂಬೆ ಕೆಂಪು.

ಆ ಬಣ್ಣ ಅವಳಿಗೆ ಗೊತ್ತಿತ್ತು! ಮೊದಲ ಓಟದ ವಾರ ಡ್ಯಾಶ್‌ಬೋರ್ಡಿನ ಖಾನೆಯಿಂದ ಅವಳ ಉಗುರುಬಣ್ಣದ ಸೀಸೆ ಕಾಣೆಯಾಗಿತ್ತು. ಪಾಪ, ಕಲಿಯಲು ಬರುತ್ತಿದ್ದ ಒಬ್ಬ ಹೆಂಗಸಿನ ಮೇಲೆ ಅನುಮಾನಪಟ್ಟು ಅವಳ ಉಗುರನ್ನೇ ಒಂದು ತಿಂಗಳು ನೋಡಿದ್ದಳು.

ಇನ್ನೊಂದು ನಟ್ಟು ಒರೆಸಿದಳು. ಕೆಂಪು ಗೆರೆ. ಮತ್ತೊಂದು. ಇನ್ನೊಂದು. ನಾಲ್ಕೂ ಕೆಂಪು.

ಎರಡು ವರ್ಷ ಅವಳು ಈ ಗಾಡಿಯನ್ನು ಹಳ್ಳಕ್ಕೆ ಹಾಕಿದ್ದಳು, ತಿರುಗಿಸಿದ್ದಳು, ಕೋನ್‌ಗಳಿಗೆ ಗುದ್ದಿದ್ದಳು. ಒಂದು ಗೆರೆಯೂ ಮುರಿದಿರಲಿಲ್ಲ...

ಅವಳು ಗಾಡಿಯ ಅಡಿಯಲ್ಲೇ ಮಲಗಿ ಅತ್ತಳು. ಹೊರಗೆ ನಿಂತ ಡಾಕ್ಟರಿಗೆ ಕೇಳಬಾರದೆಂದು ತೋಳು ಕಚ್ಚಿಕೊಂಡು ಅತ್ತಳು.

"ನೋವಾಯ್ತೇನಮ್ಮ?" ಎಂದರು ಡಾಕ್ಟರು, ಅಭ್ಯಾಸ ಬಲದಿಂದ.

* * *

ತಪಾಸಣೆಯ ಡೇರೆಯಲ್ಲಿ ಅವನೊಬ್ಬನೇ ಇದ್ದ. ಕೂದಲ ತುಂಬ ಧೂಳು, ಕೆನ್ನೆಯ ಮೇಲೆ ಎಣ್ಣೆ ಮೆತ್ತಿಕೊಂಡು ಬಂದವಳನ್ನು ನೋಡಿ ಎದ್ದು ನಿಂತ.

"ಯಾವಾಗ ಹಾಕ್ದೆ?"

ಸಾರ್ ಹೋಗಿತ್ತು. ಅವನು ಕಣ್ಣು ಮುಚ್ಚಿ ತೆರೆದ.

"ಮೊದಲ್ನೇ ಓಟದ ಹಿಂದಿನ ದಿನ. ನೀವು ಪಾಠಕ್ಕೆ ಹೋಗಿದ್ರಿ. ಬಿಳಿ ಬಣ್ಣ ಮುಗಿದುಹೋಗಿತ್ತು."

"ನಂಗೆ ಒಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ಬೇಡ ಅಂತಿದ್ರಿ."

"ಅಂದ್ರೆ ನನ್ನ ಕೈ ಮೇಲೆ ನಂಬಿಕೆ ಇರ್ಲಿಲ್ಲ ನಿಂಗೆ!"

"ನಿಮ್ಮ ಕೈ ಮೇಲಿತ್ತು ರೀ. ಆ ಗಾಡಿ ಮೇಲಿರ್ಲಿಲ್ಲ." ಅವನ ದನಿ ಮೊದಲ ಸಲ ಏರಿತು. "ಅಭ್ಯಾಸದ ದಿನ ನೆನಪಿದ್ಯಾ? ನೀವು ಸ್ಟಿಯರಿಂಗ್ ತಿರುಗಿಸಿದ್ರೂ ಅದು ತಿರುಗ್ದೆ ನೇರ ಲೈಟ್ ಕಂಬಕ್ಕೆ ಜಾರಿತು. ಒಂದು ಗೇಣು ಉಳಿದಿತ್ತು. ನೀವು ನಗ್ತಾ ಇಳಿದ್ರಿ. ನಂಗೆ ಎರಡು ದಿನ ಊಟ ಸೇರ್ಲಿಲ್ಲ."

ಅವಳು ಕೆನ್ನೆಯ ಎಣ್ಣೆಯನ್ನು ತೋಳಿನಿಂದ ಒರೆಸಿಕೊಂಡಳು.

"ಸ್ಟ್ರೀಟ್ ಕ್ಲಾಸಲ್ಲಿ ಅದು ನಡೆಯುತ್ತೆ. ಅದಕ್ಕೇ ಸ್ಟ್ರೀಟ್ ಬರೀರಿ ಅಂದಿದ್ದೆ. ಮುಗಿದ ಮೇಲೆ ಹೇಳೋಣ ಅಂತಿದ್ದೆ. ಬಂದು ನೋಡಿದ್ರೆ ನೀವು ಸ್ಟಾಕ್‌ನಲ್ಲಿ ಗೆದ್ದು ಮೈಕ್ ಹಿಡಿದಿದ್ದೀರಿ! ಮೇಷ್ಟ್ರು ಅಳ್ತಿದ್ದಾರೆ! ಆಗ ಹೋಗಿ ಹೇಳ್ಲಾ? ಹೇಳಿದ್ರೆ ನಿಮ್ಮ ಗೆಲುವು ಹೋಗುತ್ತೆ. ಹೇಳ್ದೇ ಇದ್ರೆ ನಿಮ್ಮನ್ನ ಕಳ್ಳಿ ಮಾಡ್ದೋನು ನಾನೇ. ಮಾರನೇ ದಿನ ನಿಮ್ಮ ಮುಖ ನೋಡೋ ಧೈರ್ಯ ಬರ್ಲಿಲ್ಲ."

"ಹೇಡಿ!"

"ಹೌದು."

"ಎರಡು ವರ್ಷ!"

"ಮೂರು ಸಲ ಫೋನ್ ಮಾಡ್ದೆ..."

"ನಾಲ್ಕನೇ ಸಲ ಮಾಡ್ತೀಯಾ ಅಂತ ಕಾಯ್ತಾ ಇದ್ದೆ ಕಣೋ!"

ಡೇರೆಯ ಬಟ್ಟೆ ಗಾಳಿಗೆ ಪಟಪಟ ಎಂದಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

"ಪ್ರತಿ ತಿಂಗಳೂ ಫಲಿತಾಂಶದ ಪಟ್ಟಿ ನೋಡ್ತಿದ್ದೆ," ಅವನು ಮೆಲ್ಲಗೆ ಹೇಳಿದ. "ಈ ಸಲ ಯಾರಾದ್ರೂ ಕಂಡುಹಿಡೀತಾರೆ ಅಂದ್ಕೊಳ್ತಿದ್ದೆ. ಯಾರೂ ಹಿಡೀಲಿಲ್ಲ. ಕೊನೆಗೆ ನಾನೇ ಪರೀಕ್ಷೆ ಬರೆದು ಈ ಬಿಲ್ಲೆ ತಗೊಂಡೆ. ಇದೇ ಮೈದಾನ ಬೇಕು ಅಂತ ಕೇಳ್ಕೊಂಡು ಬಂದೆ."

"ಬಂದು ನನ್ನನ್ನ ಹೊರಗೆ ಹಾಕೋಕೆ!"

ಅವನು ಮೇಜಿನ ಮೇಲಿದ್ದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟ. ಕ್ಲಬ್ಬಿನ ಮುಖ್ಯಸ್ಥರಿಗೆ ಅವನು ಬೆಳಿಗ್ಗೆಯೇ ಬರೆದುಕೊಟ್ಟ ಕಾಗದದ ನಕಲು. ಗುಂಡಗಿನ, ಶಾಲೆಯ ಹುಡುಗನ ಅಕ್ಷರ.

'ಬಿಳಿ ಕಾರಿಗೆ ಸ್ವೇ ಬಾರ್ ಹಾಕಿದವನು ನಾನು. ಓಡಿಸುವವರಿಗೆ ಇದು ಗೊತ್ತಿರಲಿಲ್ಲ. ತಪ್ಪು ಪೂರ್ತಿ ನನ್ನದು.'

"ಇದಕ್ಕೆ ಏನಂದ್ರು?"

"ಇವತ್ತು ಬೇರೆ ಜನ ಇಲ್ಲ, ಕೆಲಸ ಮುಗಿಸಿ ಬಿಲ್ಲೆ ವಾಪಸ್ ಕೊಡು ಅಂದ್ರು. ಇನ್ನೊಂದು ವರ್ಷ ಈ ಕೆಲಸ ಮಾಡೋ ಹಾಗಿಲ್ಲ."

ಅವಳು ಆ ಹಾಳೆಯನ್ನೇ ನೋಡುತ್ತ ನಿಂತಳು. ಹೊರಗೆ ಯಾರೋ ಕೂಗಿದರು, "ಹತ್ತೂವರೆಗೆ ಐದು ನಿಮಿಷ!"

* * *

ನೋಂದಣಿಯ ಮೇಜಿನ ಹತ್ತಿರ ಅವಳು ಫಾರಂನಲ್ಲಿ ಸ್ಟಾಕ್ ಎಂಬುದನ್ನು ಹೊಡೆದಳು. ಸ್ಟ್ರೀಟ್ ಎಂದು ಬರೆದಳು. ಬದಲಾವಣೆಗಳು ಎಂಬ ಸಾಲಿನಲ್ಲಿ ಏರ್ ಫಿಲ್ಟರ್ ಪಕ್ಕಕ್ಕೆ ಸ್ವೇ ಬಾರ್ ಎಂದು ದೊಡ್ಡದಾಗಿ ಬರೆದಳು.

"ಎರಡು ವರ್ಷದ ಸ್ಟಾಕ್ ಪಟ್ಟಿಯಿಂದಲೂ ನನ್ನ ಹೆಸರು ತೆಗೀರಿ," ಎಂದಳು.

ಹಲ್ಲಿನ ಡಾಕ್ಟರ ಬಾಯಿ ತಾನಾಗಿ ತೆರೆಯಿತು. "ಹಾಗಾದ್ರೆ... ಹೋದ ವರ್ಷದ ಕಪ್ಪೂ ನಂದೇನಾ?"

"ನಿಮ್ದೇ. ನಮ್ಮನೆ ಷೋಕೇಸಲ್ಲಿದೆ. ನಾಳೆ ತಂದ್ಕೊಡ್ತೀನಿ, ಕ್ಷಮಿಸಿ ಡಾಕ್ಟ್ರೇ."

"ನಾಳೆ ಬೇಡಮ್ಮ, ನಾಳೆ ಮೂರು ರೂಟ್ ಕೆನಾಲ್ ಇದೆ," ಎಂದು ಅವರು ಗಡಿಬಿಡಿಯಲ್ಲಿ ಹೇಳಿ ಕಣ್ಣು ಒರೆಸಿಕೊಂಡರು.

ಉಳಿದದ್ದು ಅಪ್ಪ. ಅದೇ ಕಷ್ಟದ್ದು.

ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅವರು ಮಂಡಿ ಉಜ್ಜಿಕೊಳ್ಳುತ್ತ ಕೇಳಿದರು.

"ಗಾಡಿ ಆ ವಾರದಿಂದ ಬೇರೆ ಥರ ತಿರುಗ್ತಿತ್ತು," ಎಂದರು ಕೊನೆಗೆ. "ಮಗಳ ಕೈ ಪಳಗಿತು ಅಂದ್ಕೊಂಡೆ. ನಾನೂ ಒಬ್ಬ ಮೇಷ್ಟ್ರು! ಥೂ!"

"ಅಪ್ಪ, ಸ್ಟಾಕ್ ಬರೀ ಅಂದಿದ್ದು..."

"ಗೊತ್ತು. ನಾನೇ. ಬೆರಳು ತೋರಿಸ್ಬೇಡ." ಅವರು ಮೂಗು ಒರೆಸಿಕೊಂಡು ಡೇರೆಯ ಕಡೆ ಗುಡುಗಿದರು. "ಲೋ ಸ್ಪ್ಯಾನರ್! ಬಾರೋ ಇಲ್ಲಿ!"

ಅವನು ಬಂದು ತಲೆ ತಗ್ಗಿಸಿ ನಿಂತ.

"ಸ್ಕೂಲಿನ ಎರಡನೇ ಗಾಡಿ ಕ್ಲಚ್ಚು ಎರಡು ವರ್ಷದಿಂದ ಕಿರುಚ್ತಾ ಇದೆ. ಕೇಳಿ ಕೇಳಿ ನನ್ನ ಕಿವಿ ಹೋಯ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬರ್ಬೇಕು. ತಿಳೀತಾ?"

"ಬರ್ತೀನಿ ಮೇಷ್ಟ್ರೇ."

"ಮತ್ತೆ ಬೀಗದ ಕೈ ಇಟ್ಟು ಓಡಿಹೋದ್ರೆ ಕಾಲು ಮುರೀತೀನಿ."

"ಹೋಗಲ್ಲ ಮೇಷ್ಟ್ರೇ."

ಮಗಳು ಬೇರೆ ಕಡೆ ತಿರುಗಿ ಹೆಲ್ಮೆಟ್ ಹಾಕಿಕೊಂಡಳು. ಒಳಗಿನ ಮುಖ ಯಾರಿಗೂ ಕಾಣದಿರಲಿ ಎಂದು.

ಸ್ಟ್ರೀಟ್ ಕ್ಲಾಸಿನಲ್ಲಿ ಏಳು ಗಾಡಿ. ಅವಳು ಐದನೆಯವಳಾದಳು. ಆದರೆ ತನ್ನದೇ ಹಳೆಯ ಸಮಯಕ್ಕಿಂತ ಒಂದೂವರೆ ಸೆಕೆಂಡು ಬೇಗ ಮುಗಿಸಿದ್ದಳು. ಒಂದು ಕೋನೂ ಬೀಳಲಿಲ್ಲ. ಕಂಬಿ ಮೊದಲೂ ಇತ್ತು, ಈಗಲೂ ಇತ್ತು. ಹಾಗಾದರೆ ಆ ಒಂದೂವರೆ ಸೆಕೆಂಡು ಯಾರದು? ಅದು ಅವಳ ಕೈ. ಅದನ್ನು ಯಾವ ಪಟ್ಟಿಯಿಂದಲೂ ತೆಗೆಯಲಾಗುವುದಿಲ್ಲ.

* * *

ಬಹುಮಾನ ಕೊಟ್ಟಾಯಿತು. ಡಾಕ್ಟರು ಕಪ್ಪನ್ನು ಎದೆಗೆ ಅಪ್ಪಿಕೊಂಡು ಹದಿನೆಂಟು ಫೋಟೋ ತೆಗೆಸಿಕೊಂಡರು. ಕೊನೆಗೆ ಮೋಜಿನ ಓಟ. ಸಮಯ ಬರೆಯುವುದಿಲ್ಲ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಒಂದು ಸುತ್ತು.

ಸ್ಪ್ಯಾನರ್ ಬಿಲ್ಲೆ ಒಪ್ಪಿಸಿ ಬರಿಗೊರಳಲ್ಲಿ ಬರುತ್ತಿದ್ದ. ಬಿಳಿ ಕಾರು ಅವನ ಪಕ್ಕದಲ್ಲಿ ನಿಂತಿತು. ಬಾಗಿಲು ತೆರೆಯಿತು.

"ಹತ್ತು."

ಅವನು ಹತ್ತಿದ. ಹಿಂದಿನ ಸೀಟಿನಲ್ಲಿದ್ದ ಹೆಲ್ಮೆಟ್ ಹಾಕಿಕೊಂಡು ಬೆಲ್ಟು ಬಿಗಿದ.

ಬಾವುಟ ಕೆಳಗಿಳಿಯಿತು. ಕೋನ್‌ಗಳು ಎರಡೂ ಕಡೆ ಕಿತ್ತಳೆ ಗೆರೆಗಳಾದವು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ... ಕೊನೆಯ ದೊಡ್ಡ ತಿರುವು ಬಂತು. ಅವಳು ಕಾಲು ಎತ್ತಲಿಲ್ಲ.

ಪಕ್ಕದಲ್ಲಿ 'ಧಪ್' ಎಂದು ಸದ್ದಾಯಿತು. ಅವನ ಬೂಟು ಖಾಲಿ ನೆಲವನ್ನು ಬಲವಾಗಿ ಒತ್ತಿತ್ತು.

ಗೆರೆ ದಾಟಿ ಗಾಡಿ ನಿಂತಿತು. ಇಂಜಿನ್ನು ಆರಿಸಿದಳು. ಇಬ್ಬರೂ ಹೆಲ್ಮೆಟ್ ತೆಗೆದು ಅವನ ಪಾದವನ್ನೇ ನೋಡಿದರು.

"ಅಲ್ಲಿ ಬ್ರೇಕ್ ಇಲ್ಲ."

"ಗೊತ್ತು. ನಾನೇ ಬಿಚ್ಚಿದ್ದು."

"ಹೆದರಿಕೆ ಆಯ್ತಾ?"

"ಆಯ್ತು ರೀ."

"ಪಕ್ಕದಲ್ಲಿ ಕೂತೋರು ಹೆದ್ರಿದ್ರೆ ಏನು ಮಾಡ್ಬೇಕು?"

ಅವನಿಗೆ ನೆನಪಾಯಿತು. ಅವನ ಕಿವಿ ಕೆಂಪಾಗತೊಡಗಿತು.

"ನಂಬ್ಬೇಕು..."

"ಆವತ್ತು ಓಟ ಆದ್ಮೇಲೆ ಎರಡು ವಿಷ್ಯ ಹೇಳ್ತೀನಿ ಅಂದಿದ್ದೆ. ಒಂದು ಇವತ್ತು ಹೇಳ್ದೆ. ಇನ್ನೊಂದು?"

ಅವನು ಅಂಗಿಯ ಜೇಬಿಗೆ ಕೈ ಹಾಕಿ ಏನೋ ತೆಗೆದು ಅವಳ ಅಂಗೈಯಲ್ಲಿಟ್ಟ.

ಸಣ್ಣ ಸೀಸೆ. ದಾಳಿಂಬೆ ಕೆಂಪು. ತಳದಲ್ಲಿ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿತ್ತು. ಎರಡು ವರ್ಷ ಜೇಬಿನಲ್ಲಿ ಉಜ್ಜಿ ಉಜ್ಜಿ ಮೇಲಿನ ಹೆಸರು ಅಳಿಸಿಹೋಗಿತ್ತು.

"ನೀನಿಲ್ದೆ ಇರೋಕೆ ಆಗ್ಲಿಲ್ಲ ನಂಗೆ," ಎಂದ. "ಒಂದು ದಿನಾನೂ ಆಗ್ಲಿಲ್ಲ."

ನೀನು! ಆರು ವರ್ಷದಲ್ಲಿ ಮೊದಲ ಸಲ.

ಅವಳು ಸೀಸೆಯನ್ನು ಬೆಳಕಿಗೆ ಹಿಡಿದಳು. ಕಣ್ಣು ತುಂಬಿದ್ದರಿಂದ ಅದು ಎರಡೆರಡಾಗಿ ಕಂಡಿತು.

"ಒಣಗಿ ಹೋಗಿದೆ."

"ಹೊಸದು ಕೊಡಿಸ್ತೀನಿ."

"ಇದೇ ಬಣ್ಣ."

"ಇದೇ ಬಣ್ಣ."

"ದೊಡ್ಡ ಸೀಸೆ ತಗೋ," ಎಂದು ಅವಳು ಅವನ ಎಣ್ಣೆಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಈ ಗಾಡೀಲಿ ಇನ್ನೂ ಬೇಕಾದಷ್ಟು ನಟ್ಟಿದೆ."